ಓದುವ ತಲೆಗೆ ಎರಡು ಲೆಕ್ಕ

ಮೇ 4

ಅಕ್ಷರ ಕಾಗೆ ಕಾಲಿನ ಹಾಗಿದೆ, ಕಾಗುಣಿತ ಅದಕ್ಕಿಂತ ಕಡೆ. ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ, ಇದನ್ನು ಓದುವವಳು ನಾನೊಬ್ಬಳೇ. ಆದರೂ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬರೆಯಲು ಕೂತರೆ ಮೊದಲು ಕ್ಷಮೆ ಕೇಳಿಬಿಡುವುದು ಒಳ್ಳೆಯದು, ಆಮೇಲೆ ಧೈರ್ಯ ಬರುತ್ತದೆ. ಹೊಟ್ಟೆ ಸೀಳಬೇಕಾದ ಅಕ್ಷರವನ್ನು ಎಲ್ಲಾದರೂ ಸೀಳದೆ ಬಿಟ್ಟಿದ್ದರೆ, ಇವಳಿಗೆ ರಕ್ತ ಕಂಡರೆ ಭಯ ಎಂದುಕೊಳ್ಳಬೇಕು.

ತಂಗಿಗೆ ಮಂಗನಬಾವು. ಎರಡೂ ಕೆನ್ನೆ ಊದಿ, ಅಳತೆ ತಪ್ಪಿ ಹತ್ತಿ ತುರುಕಿದ ದಿಂಬಿನ ಹಾಗಾಗಿದ್ದಾಳೆ. ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿರುವುದರಿಂದ ಅವಳ ಕೋಣೆಗೆ ನಾನು ಮಾತ್ರ ಹೋಗಬಹುದು. ಅವಳಿಗೆ ಮನೆಯಲ್ಲಿ ರೇಡಿಯೋ ಎಂದು ಹೆಸರು. ನನಗೆ ಗುಂಡಿ. ಸೋಫಾಗಳಿಗೆ ಗುಂಡಿ ಹೊಲಿಯುವವಳು, ಗುಂಡಿಯ ಹಾಗೆ ಮೆತ್ತೆಯೊಳಗೆ ಅಡಗಿ ಕೂರುವವಳು. ಇಷ್ಟು ವರ್ಷ ಅವಳು ಮಾತಾಡುತ್ತಿದ್ದಳು, ನಾನು ಹ್ಞೂಂ ಎನ್ನುತ್ತಿದ್ದೆ. ರೇಡಿಯೋ ನಿಂತ ಮೇಲೆ ನನ್ನ ತಲೆಯೊಳಗಿನ ಮಾತು ನನಗೇ ಕೇಳಿಸತೊಡಗಿದೆ. ಅದನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೆ ಈ ಪುಸ್ತಕ.

ತಂಗಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಶುಲ್ಕ ಕಟ್ಟಲು ನಮ್ಮ ಕೈಲಾಗುವುದಿಲ್ಲ. ಕಾಲೇಜಿನವರೇ ಕೊಡುವ ಸಹಾಯಧನ ಸಿಕ್ಕರೆ ಹೋಗುತ್ತಾಳೆ, ಸಿಗದಿದ್ದರೆ ನನ್ನ ಪಕ್ಕ ಕೂತು ಗುಂಡಿ ಹೊಲಿಯಬೇಕು. ಅವಳು ಬೆಳಿಗ್ಗೆ ಹೊಲಿದ ಗುಂಡಿ ಸಂಜೆಗೆ ಗಿರಾಕಿಯ ಕೈಗೆ ಬರುತ್ತದೆ. ಸೋಫಾಗಳ ಒಳ್ಳೆಯದಕ್ಕಾದರೂ ಅವಳು ಓದಬೇಕು.

ಆ ಸಹಾಯಧನಕ್ಕೆ ಅರ್ಜಿಯಲ್ಲಿ ಒಂದು ದೊಡ್ಡ ಹೆಸರಿದೆ. ‘ವಿದ್ಯಾ’ ಎಂಬವರೆಗೆ ಬರೆಯಬಲ್ಲೆ. ಮುಂದಿನ ಅಕ್ಷರದ ಹೊಟ್ಟೆ ಸೀಳಬೇಕು, ಒಳಗೆ ಚುಕ್ಕೆ ಇಡಬೇಕು, ತಲೆಗೆ ಗುಡಿಸು ಹಾಕಬೇಕು, ಪಕ್ಕದಲ್ಲಿ ಅರ್ಕಾವತ್ತನ್ನೂ ನಿಲ್ಲಿಸಬೇಕು. ಒಂದೇ ಅಕ್ಷರಕ್ಕೆ ಅಷ್ಟೊಂದು ಕೆಲಸವಾದರೆ ನಾವು ಬೇರೆ ಕೂಲಿ ಕೇಳುತ್ತೇವೆ. ಸಹಾಯಧನ ಎಂದೇ ಬರೆಯುತ್ತೇನೆ.

ಮೇ 7

ಅರ್ಜಿಯ ಮೊದಲ ಭಾಗವನ್ನು ತಂಗಿ ಮಲಗಿದಲ್ಲೇ ತುಂಬಿದಳು. ಎರಡನೆಯ ಭಾಗವನ್ನು ಪೋಷಕರೇ ಸ್ವಂತ ಕೈಬರಹದಲ್ಲಿ ತುಂಬಬೇಕಂತೆ. ಅಪ್ಪನಿಗೆ ಇದು ಬಹಳ ಹಿಡಿಸಿತು. ಕತ್ತರಿ, ಸುತ್ತಿಗೆ ಎಲ್ಲ ಪಕ್ಕಕ್ಕೆ ಸರಿಸಿ, ಕೈ ತೊಳೆದು, ಕೆಲಸದ ಮೇಜಿನ ಮುಂದೆ ಕೂತರು.

“ನಾನೊಂದ್ಸಲ ನೋಡ್ಲಾ?” ಎಂದಳು ಅಮ್ಮ.

“ಸ್ವಂತ ಕೈಬರಹ ಅಂತ ಬರೆದಿದೆ. ನೀನು ನೋಡಿದ್ರೆ ಸ್ವಂತ ಹೇಗಾಗುತ್ತೆ?”

ತುಂಬಿ ಮುಗಿಸಿ ಲಕೋಟೆಗೆ ಸೋಫಾದ ಅಂಟು ಬಳಿದರು. ಆ ಅಂಟು ಹಾಕಿದ್ದು ಆನೆ ಎಳೆದರೂ ಬಿಡುವುದಿಲ್ಲ. ಒಳಗಿನಿಂದ ತಂಗಿ ಚೀಟಿ ಕಳಿಸಿದಳು: “ಅಪ್ಪ ಏನು ಬರೆದರು ನೋಡು!!!” ಮಾತು ನಿಂತಮೇಲೆ ಅವಳ ಕೂಗೆಲ್ಲ ಆ ಗೆರೆಗಳಲ್ಲಿ ಬರುತ್ತಿದೆ. ನೋಡುವುದು ಹೇಗೆ? ಲಕೋಟೆ ಆಗಲೇ ಮೇಜಿಗೂ ಅಂಟಿಕೊಂಡಿತ್ತು. ಬಿಡಿಸುವಾಗ ಮೇಜಿನ ಬಣ್ಣವೂ ಸ್ವಲ್ಪ ಹೋಯಿತು.

ಮೇ 8

ಕೊಡಲು ನಾನೇ ಹೋಗಬೇಕಾಯಿತು. ಕಾಲೇಜು ಕಚೇರಿಯ ಮೂರನೇ ಕಿಟಕಿ. ಒಳಗೊಬ್ಬರು ಹೆಂಗಸು, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಮಾತು ಕಿಟಕಿ ಕಂಡದ್ದೇ ಮಂಗಮಾಯ.

“ಏನು?”

“ಹ್ಞೂಂ.”

“ಅರ್ಜಿನಾ?”

“ಹ್ಞೂಂ.”

“ಯಾರದು?”

“ಹ್ಞೂಂ.”

ಬಿಸ್ಕತ್ತು ಅಲ್ಲೇ ನಿಂತಿತು. “ಕಿವಿ ಕೇಳಲ್ವೇನಮ್ಮಾ?”

“ಹ್ಞೂಂ” ಎಂದೆ.

ಅವರ ಮುಖ ಮೆತ್ತಗಾಯಿತು. ಲಕೋಟೆ ತೆಗೆದುಕೊಂಡು, “ಪತ್ರ ಬರುತ್ತೆ! ಮನೆಗೆ!” ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿ, ಕೈಯಿಂದ ಮನೆಯ ಆಕಾರ ಬರೆದು ತೋರಿಸಿದರು. ನಾನು ಓಡಿ ಬಂದೆ.

ಮೇ 19

ಪತ್ರ ಬಂತು. ತಂಗಿಯ ಬಾವು ಇಳಿಯುತ್ತಿದೆ, ಆದರೆ ಬಾಯಿ ಇನ್ನೂ ಪೂರ್ತಿ ತೆರೆಯುವುದಿಲ್ಲ. ಹಾಗಾಗಿ ನಾನೇ ತಡವರಿಸಿಕೊಂಡು ಗಟ್ಟಿಯಾಗಿ ಓದಿದೆ.

“ನಿಮ್ಮ ಕುಟುಂಬದಲ್ಲಿ ಒಬ್ಬರೇ ಇದ್ದಾರೆಂದು ಬರೆದಿದ್ದೀರಿ. ಹಾಗಿದ್ದರೆ ಅರ್ಜಿ ಹಾಕಿದವರು ಯಾರು? ಕುಟುಂಬಕ್ಕೆ ಆದಾಯ ಇಲ್ಲವೆಂದಿದ್ದೀರಿ. ಜೀವನ ಹೇಗೆ ನಡೆಯುತ್ತಿದೆ? ಕುಟುಂಬದ ಮುಖ್ಯಸ್ಥರು ಖುದ್ದಾಗಿ ಕಚೇರಿಗೆ ಬಂದು ವಿವರಿಸತಕ್ಕದ್ದು.” ಕೆಳಗೆ ಮುಖ್ಯಸ್ಥರ ಹೆಸರು. ನೋಡಿದರೆ ಅಮ್ಮನ ಅಪ್ಪನ ಹೆಸರು! ತಾತ ಹೋಗಿ ಎಷ್ಟೋ ವರ್ಷವಾಯಿತು.

ಎಲ್ಲರೂ ಅಪ್ಪನ ಕಡೆ ನೋಡಿದೆವು. ಅಪ್ಪನಿಗೆ ತಪ್ಪೇ ಕಾಣಲಿಲ್ಲ.

“ಕುಟುಂಬ ಎಷ್ಟು ಅಂತ ಕೇಳಿದ್ರು. ಒಂದೇ ಅಂತ ಬರೆದೆ. ಸುಳ್ಳು ಬರೀಲಾ?”

ಆಗ ಹೊಳೆಯಿತು. ಅಪ್ಪ ಹಳೇ ಕಾಲದವರು, ಹೆಂಡತಿ ಎನ್ನಲು ನಾಚಿಕೆ. ಗಿರಾಕಿಗಳ ಮುಂದೆ ಅಮ್ಮನನ್ನು ತೋರಿಸಿ “ಇವಳು ನಮ್ಮ ಕುಟುಂಬ” ಎನ್ನುತ್ತಾರೆ. ಅಮ್ಮನ ಬೆನ್ನು ಹಿಡಿದುಕೊಂಡ ವರ್ಷ, “ಕುಟುಂಬಕ್ಕೆ ಬಗ್ಗೋಕಾಗ್ತಿಲ್ಲ, ನೀನು ಸ್ವಲ್ಪ ದಿನ ಕೈಗೂಡಿಸು” ಎಂದೇ ನನ್ನನ್ನು ಶಾಲೆಯಿಂದ ಕರೆತಂದದ್ದು. ಅರ್ಜಿ ಪೂರ್ತಿ ಅಮ್ಮನ ವಿಚಾರವೆಂದೇ ತಿಳಿದು ತುಂಬಿದ್ದಾರೆ. ಕುಟುಂಬದ ಆದಾಯ: ಇಲ್ಲ. ಕುಟುಂಬದ ಆಸ್ತಿ: ಓಲೆ ಒಂದು ಜೊತೆ. ಕುಟುಂಬದ ಮುಖ್ಯಸ್ಥರು: ಅಮ್ಮನ ಕಡೆಯ ದೊಡ್ಡವರು.

“ಸದ್ಯ, ಒಂದೇ ಅಂತ ಬರೆದ್ರಲ್ಲ, ನನ್ನ ಪುಣ್ಯ” ಎಂದಳು ಅಮ್ಮ. “ಈಗ ನಮ್ಮಪ್ಪನ್ನ ಎಲ್ಲಿಂದ ಕರ್ಕೊಂಡು ಬರ್ತೀರಾ?”

“ಹಾಗಾದ್ರೆ ಮುಖ್ಯಸ್ಥ ಯಾರು? ನಾನು ಅಂತ ಬರೆದ್ರೆ ನೀನು ಸುಮ್ನಿರ್ತಿದ್ಯಾ?”

ತಂಗಿ ನಗಲು ಹೋಗಿ, ಕೆನ್ನೆ ನೋವಾಗಿ, ಅಳುತ್ತಾ ಒಳಗೆ ಓಡಿದಳು. ನನಗೂ ನಗು ಬಂತು, ಆದರೆ ಪತ್ರದ ಕೊನೆಯ ಸಾಲು ಓದಿ ನಿಂತುಹೋಯಿತು. ಸರಿಯಾದ ವಿವರ ಈ ತಿಂಗಳೊಳಗೆ ತಲುಪದಿದ್ದರೆ ಅರ್ಜಿ ವಜಾ.

ಮೇ 21

ಮುಖ್ಯಸ್ಥರೇ ಬರಬೇಕೆಂದಿದ್ದರೂ ಅಪ್ಪನ ಬಾಯಿಗೆ ಹೆದರಿ ಅಮ್ಮ ನನ್ನನ್ನೇ ಕಳಿಸಿದಳು. ಹೊಸ ಹಾಳೆಯ ಜೊತೆ ಮತ್ತೆ ಮೂರನೇ ಕಿಟಕಿ. ಈ ಸಲ ಹೇಳಬೇಕಾದದ್ದನ್ನು ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ಅಂಗೈಯಲ್ಲಿ ಬರೆದುಕೊಂಡು ಹೋಗಿದ್ದೆ. ಸರದಿ ಬರುವಷ್ಟರಲ್ಲಿ ಬೆವರಿಗೆ ಕರಗಿತ್ತು. ಬಿಸ್ಕತ್ತಿನ ಮೇಡಂ ನನ್ನ ಗುರುತು ಹಿಡಿದು, ಕಿಟಕಿಯಿಂದ ಅರ್ಧ ಹೊರಗೆ ಬಂದು ಶುರುಮಾಡಿದರು.

“ನೋಡಮ್ಮಾ! ಮನೆಯ ದುಡಿಮೇನ ಮನೆಯ ತಲೆಗಳಿಗೆ ಹಂಚ್ತೀವಿ! ತಲೆಗೆ ಎಷ್ಟು ಬಂತು ನೋಡ್ತೀವಿ! ಒಂದು ಗೆರೆ ಇದೆ! ಗೆರೆ ಕೆಳಗಿದ್ರೆ ಸಹಾಯ! ಮೇಲಿದ್ರೆ ಇಲ್ಲ! ಓದೋ ತಲೆ ಒಂದಿದ್ರೆ ಅದನ್ನ ಎರಡು ಅಂತ ಲೆಕ್ಕ ಹಾಕ್ತೀವಿ! ಖರ್ಚು ಜಾಸ್ತಿ ಅಲ್ವಾ, ಅದಕ್ಕೆ!”

ನಾನು ತಲೆಯಾಡಿಸಿದೆ. ಅವರು ಬೆರಳು ಮಡಚಿದರು. ಅಪ್ಪ ಒಂದು, ಅಮ್ಮ ಒಂದು, ತಂಗಿ ಎರಡು. ಮಡಚದೆ ಉಳಿದ ಒಂದೇ ಬೆರಳನ್ನು ನನ್ನತ್ತ ಚಾಚಿದರು.

“ನೀವು ಓದ್ತಿದೀರಾ?”

ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ಹಾಗಾದ್ರೆ ನೀವು ಲೆಕ್ಕಕ್ಕಿಲ್ಲ! ವಯಸ್ಸಿಗೆ ಬಂದು ಓದದೇ ಇರೋ ಮಕ್ಕಳು ತಮ್ಮ ಕಾಲ ಮೇಲೆ ತಾವು ನಿಂತಿದಾರೆ ಅಂತ ಅರ್ಥ!”

ಸಾಲಿನಲ್ಲಿದ್ದವರೆಲ್ಲ ಲೆಕ್ಕಕ್ಕಿಲ್ಲದವಳನ್ನು ತಿರುಗಿ ನೋಡಿದರು. ನನ್ನ ಹಿಂದಿದ್ದ ಮುದುಕರೊಬ್ಬರು, “ಹೋಗ್ಲಿ ಬಿಡಮ್ಮ, ನಮ್ಮನೇಲಿ ನಾನೂ ಅಷ್ಟೇ” ಎಂದು ಸಮಾಧಾನ ಹೇಳಿದರು.

ದಾರಿಯಲ್ಲಿ ಯೋಚಿಸಿದೆ. ಬೆಳಗಿನಿಂದ ಸಂಜೆಯವರೆಗೆ ಕೂತು ಹೊಲಿಯುವವಳು ನಾನು. ನನ್ನ ಕಾಲ ಮೇಲೆ ಯಾವಾಗ ನಿಂತೆನೋ ನನಗಂತೂ ನೆನಪಿಲ್ಲ.

ಮೇ 28

ಮನೆ ನೋಡಲು ಕಚೇರಿಯಿಂದ ಒಬ್ಬರು ಬಂದರು. ಕನ್ನಡಕ, ಚರ್ಮದ ಚೀಲ, ಬಹಳ ಮರ್ಯಾದೆಯ ಮನುಷ್ಯ. ಮನೆಯಲ್ಲಿ ಏನೇನಿದೆ ಎಂದು ಬರೆದುಕೊಂಡು ಹೋಗಬೇಕಂತೆ, ಅದೂ ಲೆಕ್ಕಕ್ಕೆ ಬರುತ್ತದಂತೆ.

ನಮ್ಮ ಮುಂದಿನ ಕೋಣೆಯೇ ಅಂಗಡಿ. ರಿಪೇರಿಗೆ ಬಂದ ಸೋಫಾಗಳು ಅಲ್ಲೇ ಇರುತ್ತವೆ. ಮನೆಯವರು ಅವುಗಳ ಮೇಲೆ ಕೂರಕೂಡದು, ಅಪ್ಪನ ಕಟ್ಟಪ್ಪಣೆ. ನಾವೆಲ್ಲ ನೆಲದ ಮೇಲೆ, ಅಪ್ಪ ಮಾತ್ರ ಕಾಲು ಅಲ್ಲಾಡುವ ಸ್ಟೂಲಿನ ಮೇಲೆ. ಬಂದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಬಾಗಿಲಲ್ಲೇ ನಿಂತು, “ಬಹಳ ಸೊಗಸಾಗಿವೆ” ಎಂದರು.

ಅಪ್ಪನ ಕೆಲಸವನ್ನು ಯಾರಾದರೂ ಹೊಗಳಿದರೆ ಮುಗಿಯಿತು.

“ಏನಂದ್ಕೊಂಡ್ರಿ! ಈ ಮಖಮಲ್ಲು ಮುಟ್ಟಿ ನೋಡಿ. ಇಂಥದ್ದು ಈ ಬೀದೀಲಿ ಇನ್ನೊಂದು ಮನೇಲಿ ತೋರಿಸಿ, ನಾನು ಕಸುಬು ಬಿಡ್ತೀನಿ!”

ಅವರು ಬರೆದುಕೊಂಡರು. “ಆ ಕಂದು ಬಣ್ಣದ್ದು?”

“ಅದು ಚರ್ಮ ಸ್ವಾಮಿ. ಅಪ್ಪಟ!”

ಬರೆದುಕೊಂಡರು. ಅಡುಗೆಮನೆ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಳು. ಅಪ್ಪ, “ಚಹಾ ಆಯ್ತಂತೆ, ಕೂತ್ಕೊಳಿ” ಎಂದುಬಿಟ್ಟರು. ಅವರು ಹಸಿರು ಮಖಮಲ್ಲಿನ ಸೋಫಾದ ಕಡೆ ಹೋದರು. ಅದರ ಸ್ಪ್ರಿಂಗುಗಳನ್ನು ಬೆಳಿಗ್ಗೆಯಷ್ಟೇ ನಾನು ಬಿಚ್ಚಿ, ಮೇಲೆ ಸುಮ್ಮನೆ ಬಟ್ಟೆ ಹೊದಿಸಿ ಇಟ್ಟಿದ್ದೆ.

“ಕೂರಬೇಡೀ!”

ಯಾರು ಕೂಗಿದ್ದು ಎಂದು ನಾನೂ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಅವರು ಲಕೋಟೆಯೊಳಗೆ ಕಾಗದ ಹೋದ ಹಾಗೆ ಮಡಚಿಕೊಂಡು ಒಳಗೆ ಹೋಗಿದ್ದರು. ಮಂಡಿ ಎರಡೂ ಕಿವಿಯ ಪಕ್ಕ. ನಾನೊಂದು ಕೈ, ಅಪ್ಪ ಒಂದು ಕೈ ಹಿಡಿದು ಎಳೆದೆವು. ಮನುಷ್ಯ ಬಂದರು, ಕನ್ನಡಕ ಬಂತು, ಚೀಲಕ್ಕಾಗಿ ಬಟ್ಟೆಯನ್ನೇ ಕತ್ತರಿಸಬೇಕಾಯಿತು. ಮೈಮೇಲಿನ ಹತ್ತಿ ಕೊಡವಿಕೊಂಡು, ಚಹಾ ಬೇಡವೆಂದು ಹೊರಟುಹೋದರು.

“ಗಿರಾಕಿಗಳದ್ದು ಅಂತ ಒಂದು ಮಾತು ಹೇಳೋಕೇನಾಗಿತ್ತು?” ಅಮ್ಮ ಕೇಳಿದಳು.

“ಅವರು ಕೇಳ್ಲೇ ಇಲ್ವಲ್ಲ!”

ತಂಗಿಯ ಬಾಯಿ ಈಗ ಸರಿಯಾಗಿ ತೆರೆಯುತ್ತದೆ, ಆದರೆ ಅವಳು ತೆರೆದದ್ದು ಸೂಜಿಯ ಡಬ್ಬಿ. ನನ್ನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿದಳು. ಅದನ್ನು ನೋಡಲಾರದೆ ಸೂಜಿ ಕಿತ್ತುಕೊಂಡೆ.

ಜೂನ್ 3

ಕಚೇರಿಯಿಂದ ಮತ್ತೆ ಪತ್ರ. “ಬೆಲೆಬಾಳುವ ಪೀಠೋಪಕರಣಗಳು ಕಂಡುಬಂದಿವೆ.” ತಂಗಿಯೇ ಹೋಗಲು ಎದ್ದಳು, ಆದರೆ ವೈದ್ಯರು ನಿಶ್ಶಕ್ತಿ ಇದೆ, ಇನ್ನೆರಡು ದಿನ ಓಡಾಟ ಬೇಡ ಎಂದಿದ್ದಾರೆ. ಅಪ್ಪನನ್ನು ಕಳಿಸಿದರೆ ಸೋಫಾಗಳ ಬೆಲೆ ಇನ್ನೂ ಏರುತ್ತದೆ. ನಾನೇ ಹೋದೆ.

“ಸೋಫಾ ನಮ್ಮದಲ್ಲ” ಎಂದೆ.

ಮೇಡಂ ಕೈಯ ಬಿಸ್ಕತ್ತು ಚಹಾದೊಳಗೆ ಬಿತ್ತು. “ಮಾತು ಬರುತ್ತಾ ನಿಮಗೆ?”

“ಬರುತ್ತೆ.”

“ಕಿವಿ?”

“ಅದೂ ಕೇಳುತ್ತೆ.”

“ಮತ್ತೆ ನಾನು ಗಂಟಲು ಹರ್ಕೊಂಡಿದ್ದು?”

“ಚೆನ್ನಾಗಿ ಅರ್ಥ ಆಗ್ತಿತ್ತು ಮೇಡಂ. ಅದಕ್ಕೇ ಹೇಳ್ಲಿಲ್ಲ.”

ಅವರು ಚಮಚದಿಂದ ಬಿಸ್ಕತ್ತು ಹುಡುಕುತ್ತಾ, ವರದಿಯಲ್ಲಿ ಇಷ್ಟೊಂದು ಸೋಫಾ ಬರೆದಿದೆಯಲ್ಲ ಎಂದರು.

“ಡಾಕ್ಟರ ಮನೆ ಜಗಲೀಲಿ ರೋಗಿಗಳು ಕೂತಿರ್ತಾರೆ. ಅವರೆಲ್ಲ ಡಾಕ್ಟರ ನೆಂಟರಾ ಮೇಡಂ? ನಮ್ಮನೆ ಸೋಫಾಗಳೂ ಕಾಯಿಲೆ ಬಿದ್ದು ಬಂದವು. ವಾಸಿಯಾದ್ರೆ ಹೋಗ್ತವೆ. ಗಿರಾಕಿಗಳ ಹೆಸರಿನ ಚೀಟಿ ಒಂದೊಂದರ ಕಾಲಿಗೂ ಕಟ್ಟಿದೆ, ಬೇಕಾದ್ರೆ ಅವರನ್ನೇ ಕೇಳಿ.”

ಇಷ್ಟೂ ನಾನೇ ಹೇಳಿದ್ದು. ಮೇಡಂ, ಚೀಟಿಯಲ್ಲಿರುವ ಗಿರಾಕಿಗಳನ್ನು ವಿಚಾರಿಸಲು ಹೇಳುತ್ತೇವೆ ಎಂದು ಬರೆದುಕೊಂಡು, ಸೋಫಾಗಳನ್ನು ಬಿಟ್ಟು ಲೆಕ್ಕ ಹಾಕಿದರು. ಹಾಕಿ, ತುಟಿ ಒತ್ತಿಕೊಂಡರು.

“ಆದ್ರೂ ಗೆರೆ ಮೇಲೇ ಇದೀರಲ್ಲಮ್ಮ. ಸ್ವಲ್ಪವೇ ಸ್ವಲ್ಪ. ಮನೇಲಿ ಓದೋ ತಲೆ ಇನ್ನೊಂದಿದ್ದಿದ್ರೆ ಆಗ್ತಿತ್ತು. ತಮ್ಮ ಇದಾನಾ?”

“ಇಲ್ಲ.”

“ಇನ್ನೊಬ್ಬಳು ತಂಗಿ?”

“ಇಲ್ಲ. ನಾನಿದೀನಿ.”

“ನೀವು ಲೆಕ್ಕಕ್ಕಿಲ್ಲ ಅಂದ್ನಲ್ಲ.”

“ಓದಿದ್ರೆ?”

ಅವರು ಕನ್ನಡಕ ತೆಗೆದು ನೋಡಿದರು. ದೊಡ್ಡವರಿಗೆ ಸಂಜೆ ಶಾಲೆ ಇದೆ, ನಮ್ಮ ಪಟ್ಟಿಯಲ್ಲಿ ಅದೂ ಸೇರುತ್ತದೆ, ದಾಖಲಾತಿ ಚೀಟಿ ತಂದರೆ ಸಾಕು ಎಂದರು. ಅಂದರೆ ನಾನು ಸೊನ್ನೆಯಿಂದ ಒಂದಲ್ಲ, ನೇರವಾಗಿ ಎರಡು!

“ಇದು ಮೋಸ ಆಗಲ್ವಾ ಮೇಡಂ?”

“ಸೇರಿ ಹೋಗ್ದೇ ಇದ್ರೆ ಮೋಸ. ಹೋದ್ರೆ ಓದು.”

ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಬೇರೆ ಚಿಂತೆ. “ಸಂಜೆ ಹೊತ್ತು ಗುಂಡಿ ಯಾರು ಹೊಲೀತಾರೆ?”

“ನಿಮ್ಮ ಕುಟುಂಬ” ಎಂದಳು ಅಮ್ಮ. “ಬೆನ್ನು ಸರಿಯಾಗಿ ಎಷ್ಟೋ ವರ್ಷ ಆಯ್ತು. ಯಾರಾದ್ರೂ ಕೇಳಿದ್ರಾ?”

ಜೂನ್ 5

ಸಂಜೆ ಶಾಲೆ. ಹಗಲಲ್ಲಿ ಚಿಕ್ಕ ಮಕ್ಕಳು ಕೂರುವ ಬೆಂಚುಗಳು. ನನ್ನ ಪಕ್ಕದಲ್ಲಿ ಒಬ್ಬ ಬಸ್ ಡ್ರೈವರ್. ಅವರ ಮಂಡಿ ಬೆಂಚಿನಡಿ ತೂರದೆ ಅಡ್ಡ ಕೂತು, ಪ್ರತಿ ಸಲ ತಿರುಗುವಾಗ ಹಿಂದೆ ಮುಂದೆ ನೋಡಿ ತಿರುಗುತ್ತಾರೆ. ಮೇಷ್ಟ್ರಿಗೆ ಅವರ ಮಗನ ವಯಸ್ಸು. ದಾಖಲಾತಿ ಚೀಟಿ ತೆಗೆದುಕೊಂಡೆ. ತಂಗಿಗೋಸ್ಕರ ಸೇರಿದ್ದು, ಹಣ ಸಿಗುವವರೆಗೆ ಮಾತ್ರ.

ಜೂನ್ 12

ಬರೆಯಲು ಹೊತ್ತಿಲ್ಲ. ಮನೆಪಾಠ ಇದೆ. ತಂಗಿಗೋಸ್ಕರ.

ಜೂನ್ 17

ಡ್ರೈವರ್ ಬಂದಿರಲಿಲ್ಲ. ಮೇಷ್ಟ್ರು ಕೇಳಿದ ಭಿನ್ನರಾಶಿಗೆ ನಾನೇ ಉತ್ತರ ಹೇಳಿದೆ. ಒಂದೂಕಾಲು ಗಜ ಬಟ್ಟೆಯನ್ನು ಮೂರು ದಿಂಬಿಗೆ ಹಂಚುವವಳಿಗೆ ಅದೇನು ಮಹಾ. ಆದರೆ ಉತ್ತರ ಬರೆಯುವುದಕ್ಕೆ ಒಂದು ಕ್ರಮವಿದೆಯಂತೆ, ಅದು ಬಹಳ ಚೆನ್ನಾಗಿದೆ. ಮಧ್ಯೆ ಅಡ್ಡಗೆರೆ ಎಳೆದು ಮೇಲೊಂದು ಕೆಳಗೊಂದು ಇಟ್ಟರೆ ಎರಡೂ ಸುಮ್ಮನೆ ಮಾತು ಕೇಳುತ್ತವೆ.

ಅಮ್ಮ ಹೊಲಿದ ಗುಂಡಿಗಳು ನನ್ನವಕ್ಕಿಂತ ಚೆನ್ನಾಗಿವೆ. ಅಪ್ಪ ಗಿರಾಕಿಗಳಿಗೆ ತೋರಿಸಿ, “ಕುಟುಂಬದ ಕೈಕೆಲಸ” ಎಂದು ಹೇಳುತ್ತಿದ್ದಾರೆ.

ಜೂನ್ 27

ಸಿಕ್ಕಿತು! ತಂಗಿಗೆ ಸಹಾಯಧನ ಸಿಕ್ಕಿತು. ಗೆರೆಯ ಕೆಳಗೆ ಬಂದೆವು. ಗೆರೆಯ ಕೆಳಗೆ ಬಂದದ್ದಕ್ಕೆ ಇಷ್ಟು ಕುಣಿದ ಮನೆ ಬೇರೆ ಇರಲಾರದು. ಕುಣಿತದಲ್ಲಿ ಅಪ್ಪನ ಸ್ಟೂಲಿನ ಕಾಲು ಕೊನೆಗೂ ಮುರಿಯಿತು.

ಅಪ್ಪ ಪತ್ರ ತಮ್ಮ ಕೈಯಲ್ಲೇ ಹಿಡಿದು ಓದಿದರು. “ಕುಟುಂಬ, ಲೆಕ್ಕಕ್ಕೆ ತೆಗೆದುಕೊಂಡ ತಲೆಗಳು: ಆರು.” ಓದಿ, ಬೆಚ್ಚಿ ಅಮ್ಮನ ಕಡೆ ನೋಡಿದರು.

“ನಾನು ಒಂದೇ ಅಂತ ಬರೆದಿದ್ದೆ ಕಣೇ! ಈ ಆರು ಅವರಾಗಿ ಬರ್ಕೊಂಡಿರೋದು!”

ರೇಡಿಯೋ ಇವತ್ತು ಇಡೀ ದಿನ ನಿಲ್ಲಲಿಲ್ಲ. ಮಲಗುವ ಮುಂಚೆ ನನ್ನ ಕಡೆ ಹೊರಳಿ, “ಅಕ್ಕ, ಇನ್ನು ನೀನು ಸಂಜೆ ಕಷ್ಟ ಪಡಬೇಕಾಗಿಲ್ಲ, ಬಿಟ್ಟುಬಿಡು” ಎಂದಳು. ಹಾಗೆಲ್ಲ ಬಿಡಲಾಗುವುದಿಲ್ಲ, ಕಚೇರಿಯವರು ಹಾಜರಿ ಕೇಳಬಹುದು ಎಂದೆ. ಹೌದಲ್ಲ ಎಂದಳು. ಕೇಳಿಯೇ ಕೇಳುತ್ತಾರೆ. ಅವರು ಬಹಳ ಬಿಗಿ.

ಜುಲೈ 9

ತಂಗಿಯ ಕೊನೆಯ ಕಾಗದ ಕೊಡಲು ನಿನ್ನೆ ಮೂರನೇ ಕಿಟಕಿಗೆ ಹೋಗಿದ್ದೆ. ಮೇಡಂ ನನಗೂ ಒಂದು ಬಿಸ್ಕತ್ತು ಕೊಟ್ಟರು. ಹಾಜರಿ ಪುಸ್ತಕದ ನಕಲು ಯಾವಾಗ ತರಲಿ ಎಂದು ಕೇಳಿದೆ.

“ಯಾಕೆ? ಬೇಡ. ಈ ವರ್ಷಕ್ಕೆ ದಾಖಲಾತಿ ಚೀಟಿ ಸಾಕು. ಸಂಜೆ ಶಾಲೆಯ ವಿದ್ಯಾರ್ಥಿಗಳ ಹಾಜರಿ ನಾವು ಕೇಳಲ್ಲ.”

“ಯಾರೂ ಬಂದು ನೋಡಲ್ವಾ?”

“ಯಾರೂ ನೋಡಲ್ಲ.”

ಹಿಂದಿನವರು ಬೆನ್ನು ತಟ್ಟಿ ಮುಂದೆ ಹೋಗಿ ಎಂದರು.

ಮನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ. ಹೇಳಲು ಸರಿಯಾದ ಸಮಯ ಸಿಗಬೇಕು. ಮುಂದಿನ ವಾರ ಪರೀಕ್ಷೆ ಬೇರೆ ಇದೆ, ಡ್ರೈವರಿಗೆ ನಾನೇ ಗುಣಾಕಾರ ಹೇಳಿಕೊಡಬೇಕು, ಇಲ್ಲದಿದ್ದರೆ ಪಾಪ ಹಿಂದೆ ಬೀಳುತ್ತಾರೆ.

ಹಸಿರು ಸೋಫಾದಿಂದ ಕಚೇರಿಯವರ ಚೀಲ ತೆಗೆಯಲು ಕತ್ತರಿಸಿದ ಮಖಮಲ್ಲು ಹಾಗೇ ಉಳಿದಿತ್ತು. ಬೆಳಿಗ್ಗೆ ಬೇಗ ಎದ್ದು ಅದರಲ್ಲಿ ತಂಗಿಗೆ ಕಾಲೇಜಿಗೆ ಒಂದು ಚೀಲ ಹೊಲಿದೆ. ಬಟ್ಟೆ ಇನ್ನೂ ಮಿಕ್ಕಿತು. ಅದನ್ನೂ ಮಡಚಿ ಇನ್ನೊಂದು ಚೀಲ ಹೊಲಿದು, ನನ್ನ ಸಂಜೆ ಶಾಲೆಯ ಪುಸ್ತಕ ಒಳಗಿಟ್ಟು, ಅಮ್ಮ ಏಳುವುದರೊಳಗೆ ಅದಕ್ಕೊಂದು ಗುಂಡಿ ಹಾಕಿದೆ, ಬಿಚ್ಚದ ಹಾಗೆ.